ಗಲ್ಬಿ ಮುಂದಿಟ್ಟುಕೊಂಡು ‘ಅಪ್ಪೆ’ ಎಂದ ಅಜ್ಜಿ

ಕೊರಿಯಾದವರು ಮಾಂಸವನ್ನು ಊಟದ ಮೇಜಿನ ಮೇಲೆಯೇ ಕತ್ತರಿಯಿಂದ ಕತ್ತರಿಸುತ್ತಾರೆ ಎಂದು ಊರಿಗೆ ಫೋನ್ ಮಾಡಿ ಹೇಳಿದಾಗ ನನ್ನ ತಂಗಿ ನಂಬಲಿಲ್ಲ. “ಬಟ್ಟೆ ಕತ್ತರಿಸುವ ಕತ್ತರಿಯಾ?” ಎಂದು ಕೇಳಿದಳು. ಹೌದು ಮಾರಾಯ್ತಿ, ಹೆಚ್ಚುಕಡಿಮೆ ಅಂಥದ್ದೇ ಎಂದೆ. ಚಾಕು ಅವರ ಅಡುಗೆಮನೆಯಲ್ಲೇ ಉಳಿಯುತ್ತದೆ. ಮೇಜಿಗೆ ಬರುವುದು ಕತ್ತರಿ ಮತ್ತು ಇಕ್ಕಳ. ಒಂದು ಕೈಯಲ್ಲಿ ಇಕ್ಕಳದಿಂದ ಬೆಂದ ಮಾಂಸ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಕಚಕಚ ಕತ್ತರಿಸಿ ಎಲ್ಲರ ತಟ್ಟೆಗೂ ಹಾಕುತ್ತಾರೆ. ತಂಗಿ ನಕ್ಕಳು. ನನಗೆ ನಗುವಷ್ಟೂ ತ್ರಾಣ ಇರಲಿಲ್ಲ.

ನಾನು ಅಬುಧಾಬಿಯಲ್ಲಿ ಹೋಮ್ ಕೇರ್ ನರ್ಸ್. ಅಂದರೆ ಆಸ್ಪತ್ರೆಯಲ್ಲಿ ಅಲ್ಲ, ರೋಗಿಯ ಮನೆಗೇ ಹೋಗಿ ಬೆಳಗಿನಿಂದ ಸಂಜೆಯವರೆಗೆ ನೋಡಿಕೊಳ್ಳುವವಳು. ವಾಸ ಮುಸಫ್ಫಾದಲ್ಲಿ, ಇನ್ನಿಬ್ಬರು ನರ್ಸ್‌ಗಳ ಜೊತೆ ಒಂದು ರೂಮು. ಕೆಲಸ ಅಲ್ ರೀಮ್ ಐಲ್ಯಾಂಡಿನ ಎತ್ತರದ ಟವರ್‌ಗಳಲ್ಲಿ. ಬೆಳಿಗ್ಗೆ ಬಸ್ಸಿನಲ್ಲಿ ನಿದ್ದೆ, ಸಂಜೆ ಬಸ್ಸಿನಲ್ಲಿ ನಿದ್ದೆ, ನಡುವೆ ಇನ್ನೊಬ್ಬರ ಮೈ ಎತ್ತಿ ಕೂರಿಸು, ತಿರುಗಿಸು, ಒರೆಸು. ಮಂಡಿ ಎರಡೂ ಕೈಕೊಟ್ಟಿವೆ. ಸಾಕಪ್ಪಾ ಸಾಕು ಎಂದು ದಿನಾ ಅಂದುಕೊಳ್ಳುತ್ತೇನೆ, ಮರುದಿನ ಮತ್ತೆ ಯೂನಿಫಾರ್ಮ್‌ಗೆ ಇಸ್ತ್ರಿ ಹಾಕುತ್ತೇನೆ. ಗಲ್ಫಿನಲ್ಲಿ ಇದನ್ನು ಯಾರಿಗಾದರೂ ಹೇಳಿದರೆ, “ಎಲ್ಲರಿಗೂ ಅಷ್ಟೇ” ಎನ್ನುತ್ತಾರೆ. ಅದೂ ಸುಳ್ಳಲ್ಲ.

ಹಾಗೆ ಹೋದ ಮನೆಗಳಲ್ಲಿ ಒಂದು ಆ ಕೊರಿಯಾದ ಅಜ್ಜಿಯ ಮನೆ. ಮಗ ಇಲ್ಲಿ ಎಂಜಿನಿಯರ್. ಕೆಲಸದ ಜಾಗ ದೂರದ ಮರುಭೂಮಿಯ ಆಚೆ, ವಾರವಿಡೀ ಕಂಪನಿಯ ಕ್ಯಾಂಪಿನಲ್ಲೇ ಇದ್ದು ಶುಕ್ರವಾರ ಸಂಜೆ ಮನೆಗೆ ಬರುತ್ತಿದ್ದರು. ಹೆಂಡತಿ ಮಕ್ಕಳು ಶಾಲೆಯ ಕಾರಣಕ್ಕೆ ಕೊರಿಯಾದಲ್ಲೇ. ತಾಯಿಯನ್ನು ನೋಡಿಕೊಳ್ಳಲು ಬೇರೆ ಯಾರೂ ಇಲ್ಲವೆಂದು ಇಲ್ಲಿಗೆ ಕರೆಸಿಕೊಂಡಿದ್ದರು. ಇಲ್ಲಿಗೆ ಬಂದ ಮೇಲೆ ಅಜ್ಜಿಗೆ ಸ್ಟ್ರೋಕ್ ಆಯಿತು. ಬಲಗೈ ಬಿತ್ತು, ಮಾತು ಹೋಯಿತು. ಪೂರ್ತಿ ಹೋಗಲಿಲ್ಲ, ಒಂದೆರಡು ಪದ ಉಳಿದವು. ನೀರಿಗೆ ‘ಮುಲ್’, ಹೌದು ಎನ್ನಲು ‘ನೇ’. ಹಗಲಿಗೆ ನಾನು, ರಾತ್ರಿಗೆ ಏಜೆನ್ಸಿಯ ಇನ್ನೊಬ್ಬಳು. ಅವಳು ಬರುವಷ್ಟರಲ್ಲಿ ಅಜ್ಜಿ ಮಲಗಿರುತ್ತಿದ್ದರು.

ನಾನು ಸೇರಿದ ಮೇಲೆ ಅಜ್ಜಿ ಕೈಹಿಡಿದು ನಡೆಯಲು ಕಲಿತರು, ಎಡಗೈಯಲ್ಲಿ ಚಮಚ ಹಿಡಿಯಲು ಕಲಿತರು. ಎಲ್ಲ ಸರಿಹೋಗುತ್ತಿದೆ ಎನ್ನುವಾಗ ಊಟ ಬಿಟ್ಟರು. ಮೊದಲು ಅರ್ಧ ಬಟ್ಟಲು ಉಳಿಸಿದರು, ಆಮೇಲೆ ಎರಡು ಚಮಚ ತಿಂದರೆ ಹೆಚ್ಚು. ಮೈ ಇಳಿದು, ಕೆನ್ನೆ ಒಳಸೇರಿ, ಅಂಗಿ ಹ್ಯಾಂಗರಿಗೆ ತೂಗುಹಾಕಿದಂತೆ ಕಾಣತೊಡಗಿತು. ಡಾಕ್ಟರು ಪರೀಕ್ಷೆ ಮಾಡಿಸಿದರು. ನುಂಗಲು ಏನೂ ತೊಂದರೆ ಇಲ್ಲ, ಸ್ಟ್ರೋಕ್ ಆದವರಿಗೆ ಮನಸ್ಸು ಕುಗ್ಗುವುದುಂಟು, ಹೀಗೇ ಮುಂದುವರಿದರೆ ಹೊಟ್ಟೆಗೆ ಟ್ಯೂಬ್ ಹಾಕಿ ಅದರಿಂದಲೇ ಆಹಾರ ಕೊಡಬೇಕಾಗುತ್ತದೆ ಎಂದರು. ಸೋಮವಾರಕ್ಕೆ ಆಸ್ಪತ್ರೆಯಲ್ಲಿ ಸಮಯವನ್ನೂ ಗೊತ್ತುಮಾಡಿದರು. ಒಮ್ಮೆ ಟ್ಯೂಬ್ ಹಾಕಿದ ಆ ವಯಸ್ಸಿನವರು ಮತ್ತೆ ಬಾಯಿಯಿಂದ ಉಂಡದ್ದನ್ನು ನಾನು ನೋಡಿದ್ದು ತೀರಾ ಕಡಿಮೆ. ಮಗನಿಗೆ ಹಾಗಂತ ಹೇಳಲು ನಾಲಿಗೆ ಬರಲಿಲ್ಲ.

ಮಗನಿಗೆ ಗೊತ್ತಿದ್ದ ಮದ್ದು ಒಂದೇ, ಮಾಂಸ. ಶುಕ್ರವಾರ ಬರುವಾಗ ಎರಡು ಕೈ ತುಂಬ ಚೀಲ. ಬುಲ್ಗೋಗಿ ಎಂದರೆ ಕಾಗದದಷ್ಟು ತೆಳುವಾಗಿ ಕೊಯ್ದ ದನದ ಮಾಂಸ. ಅದನ್ನು ಸೋಯಾ ಸಾಸು, ಬೆಳ್ಳುಳ್ಳಿ, ಎಳ್ಳೆಣ್ಣೆ, ಪೇರ್‌ಹಣ್ಣಿನ ರಸದಲ್ಲಿ ನೆನೆಸಿಟ್ಟು ಹುರಿಯುತ್ತಾರೆ. ಗಲ್ಬಿ ಎಂದರೆ ಪಕ್ಕೆಲುಬಿನದ್ದು, ಎಲುಬಿಗೆ ಅಂಟಿದ ಮಾಂಸವನ್ನು ಚಾಪೆಯ ಹಾಗೆ ಬಿಡಿಸಿ ಕೆಂಡದ ಮೇಲೆ ಸುಡುವುದು. ಅಜ್ಜಿಗೆ ಪ್ರಾಣ ಅದೇ. ಸಾಮ್ಗ್ಯೆತಾಂಗ್ ಎಂದು ಒಂದುಂಟು. ಇಡೀ ಎಳೆ ಕೋಳಿಯ ಹೊಟ್ಟೆಯೊಳಗೆ ಅಕ್ಕಿ, ಬೆಳ್ಳುಳ್ಳಿ, ಏನೋ ಬೇರು ತುಂಬಿ ಬೇಯಿಸಿದ ಸಾರು. ಅದನ್ನು ಅವರ ದೇಶದಲ್ಲಿ ಬೇಸಿಗೆಯ ಅತಿ ಸೆಕೆಯ ದಿನಗಳಲ್ಲಿ ಬಿಸಿಬಿಸಿಯಾಗಿ ಕುಡಿದು ಬೆವರುತ್ತಾರಂತೆ. “ಹಾಗಾದರೆ ಅಬುಧಾಬಿಯಲ್ಲಿ ವರ್ಷವಿಡೀ ಅದನ್ನೇ ಕುಡೀಬೇಕಲ್ಲ ಸರ್” ಎಂದೆ. ಅವರು ನಗಲಿಲ್ಲ, ತಾಯಿಯ ಬಟ್ಟಲನ್ನೇ ನೋಡುತ್ತಿದ್ದರು. ಹಂದಿಯ ಹೊಟ್ಟೆಯ ಮಾಂಸ ಸುಟ್ಟು ತಿನ್ನುವುದೂ ಅವರಲ್ಲಿ ಬಹಳವಂತೆ. ಇಲ್ಲಿ ಅದು ಸೂಪರ್ ಮಾರ್ಕೆಟ್ಟಿನ ಬೇರೆ ಕೋಣೆಯಲ್ಲಿ ಸಿಗುವುದರಿಂದ ಅಲ್ಲಿಯವರೆಗೆ ಹೋಗಲು ಅವರಿಗೆ ಬೇಜಾರು.

ನಮ್ಮ ಮನೆಯಲ್ಲಿ ದನದ್ದು ತಿನ್ನುವುದಿಲ್ಲ. ಕೋಳಿ, ಕುರಿ, ಮೀನು ಸರಿ. ಅದನ್ನು ಮೊದಲ ವಾರವೇ ಹೇಳಿದ್ದೆ. ಅವರು ತಲೆಯಾಡಿಸಿ, ಮುಂದಿನ ಶುಕ್ರವಾರ ನನಗೆಂದೇ ಕೋಳಿಯದ್ದು ಮಾಡಿದರು. ದಕ್‌ಗಲ್ಬಿ ಎಂದು ಅದರ ಹೆಸರು. ಕೆಂಪು ಮೆಣಸಿನ ಗೊಜ್ಜು, ಕ್ಯಾಬೇಜು, ಗೆಣಸು ಹಾಕಿ ಅಗಲ ಬಾಣಲೆಯಲ್ಲಿ ಮಗುಚಿ ಮಗುಚಿ ಬೇಯಿಸಿದ್ದು. ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ಸ್ವಲ್ಪ ತೆಂಗಿನಕಾಯಿ ಬಿದ್ದಿದ್ದರೆ ನಮ್ಮ ಕೋರಿ ಸುಕ್ಕಕ್ಕೆ ದೂರದ ಸಂಬಂಧಿಯಾಗುತ್ತಿತ್ತು.

ತಿನ್ನುವ ಕ್ರಮವನ್ನೂ ಅವರೇ ಕಲಿಸಿದರು. ಎಡಗೈಯ ಮೇಲೆ ಲೆಟಿಸ್ ಎಲೆ ಹರಡಬೇಕು. ಅದರ ಮೇಲೆ ಮಾಂಸದ ತುಂಡು, ಚಿಟಿಕೆ ಅನ್ನ, ಸುಟ್ಟ ಬೆಳ್ಳುಳ್ಳಿ, ಹುದುಗಿಸಿದ ಸೋಯಾದ ಗಟ್ಟಿ ಚಟ್ನಿ. ಮಡಿಸಿ ಉಂಡೆ ಮಾಡಿ ಒಂದೇ ಬಾಯಿಗೆ. ಅರ್ಧ ಕಚ್ಚಿ ಅರ್ಧ ತಟ್ಟೆಯಲ್ಲಿಡುವುದು ಅವಲಕ್ಷಣ. ಬಾಯಲ್ಲಿ ಹಿಡಿಯದಿದ್ದರೂ ತುರುಕಿಕೊಳ್ಳಲೇಬೇಕು. ಕೆನ್ನೆ ಉಬ್ಬಿಸಿಕೊಂಡು ಆ ದೊಡ್ಡ ಎಂಜಿನಿಯರ್ ಕಣ್ಣರಳಿಸಿ ಅಗಿಯುವುದನ್ನು ನೋಡಿದರೆ ಎಂಥವರಿಗೂ ನಗು ಬರಬೇಕು. ನಮ್ಮಲ್ಲಾದರೆ ಎಡಗೈಯಲ್ಲಿ ಊಟ ಮುಟ್ಟಿದ್ದಕ್ಕೇ ಬೆನ್ನಿಗೆ ಬೀಳುತ್ತಿತ್ತು.

ಇನ್ನೊಂದು ಕಟ್ಟಳೆ ಇತ್ತು. ಮೇಜಿನಲ್ಲಿ ಹಿರಿಯರು ಚಮಚ ಎತ್ತದೆ ಉಳಿದವರು ಎತ್ತುವಂತಿಲ್ಲ. ಆ ಮನೆಯಲ್ಲಿ ಅದೇ ಶಿಕ್ಷೆಯಾಯಿತು. ಅಜ್ಜಿ ಚಮಚ ಮುಟ್ಟುತ್ತಿರಲಿಲ್ಲ, ಮಗ ತಿನ್ನುತ್ತಿರಲಿಲ್ಲ. ಆ ಮನುಷ್ಯ ಮರುಭೂಮಿಯಿಂದ ಗಂಟೆಗಟ್ಟಲೆ ಗಾಡಿ ಓಡಿಸಿಕೊಂಡು ಹಸಿದು ಬಂದು, ಸುಟ್ಟ ಮಾಂಸದ ಮುಂದೆ ಕೈಕಟ್ಟಿ ಕೂತಿರುತ್ತಿದ್ದರು. ಕೊನೆಗೆ ಅಜ್ಜಿ ಮಗನ ಮುಖ ನೋಡಿ ಒಂದು ಚಮಚ ಸಾರು ತುಟಿಗೆ ತಾಗಿಸಿ, ಹೊಟ್ಟೆ ಸವರಿಕೊಂಡು ನಗುತ್ತಿದ್ದರು. ಹೊಟ್ಟೆ ತುಂಬಿತು ಎಂಬ ಸನ್ನೆ. ಆಗ ಮಗ ತಣ್ಣಗಾದದ್ದನ್ನು ಎರಡು ತುಂಡು ತಿಂದು ಎದ್ದುಬಿಡುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ಅಜ್ಜಿಯ ಮೇಲೋ ಮಗನ ಮೇಲೋ ಆ ಕಟ್ಟಳೆಯ ಮೇಲೋ, ಹೇಳಲಾರೆ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ವಾರದ ದಿನಗಳಲ್ಲಿ, ಮಗ ಇಲ್ಲದಾಗ, ಮಧ್ಯಾಹ್ನ ನಾನು ಬಟ್ಟಲು ಹಿಡಿದು ಎದುರು ಕೂತರೆ ಅಜ್ಜಿ ಒಂದು ಮಾತು ಹೇಳುತ್ತಿದ್ದರು. ಸಣ್ಣ ದನಿಯಲ್ಲಿ, ಕಣ್ಣು ಮುಚ್ಚಿ, “ಅಪ್ಪೆ.” ಮತ್ತೆ, “ಅಪ್ಪೆ.”

ಘಟ್ಟದ ಮೇಲಿನವರಿಗೆ ಇದನ್ನು ಬಿಡಿಸಿ ಹೇಳಬೇಕು. ನನ್ನ ಮನೆಮಾತು ತುಳು. ತುಳುವಿನಲ್ಲಿ ಅಪ್ಪೆ ಎಂದರೆ ತಾಯಿ. ಅಮ್ಮೆ ಎಂದರೆ ತಂದೆ. ಶಾಲೆಯಲ್ಲಿ ಕನ್ನಡ ಕಲಿಯುವಾಗ ನಾವೆಲ್ಲ ಇದರಲ್ಲಿ ಒಮ್ಮೆಯಾದರೂ ಎಡವಿದವರೇ. ಕಾಲಿಗೆ ಮುಳ್ಳು ಚುಚ್ಚಿದರೂ, ಜ್ವರದಲ್ಲಿ ನರಳಿದರೂ ನಮ್ಮ ಬಾಯಲ್ಲಿ ಬರುವುದು “ಅಪ್ಪೇ” ಎಂದೇ. ಹಾಗಾಗಿ ಆ ಅಜ್ಜಿ ಅಪ್ಪೆ ಎಂದಾಗ ನನ್ನ ಕಿವಿ ಬೇರೆ ಅರ್ಥ ಹುಡುಕಲೇ ಇಲ್ಲ. ಪಾಪ, ಈ ವಯಸ್ಸಿನಲ್ಲಿ, ಈ ಪರದೇಶದಲ್ಲಿ, ತಾಯಿಯನ್ನು ಕರೆಯುತ್ತಿದ್ದಾರೆ ಎಂದುಕೊಂಡೆ. ಮುದುಕರು ಕೊನೆಕೊನೆಗೆ ತಾಯಿಯನ್ನು ಕರೆಯುವುದನ್ನು ಎಷ್ಟೋ ಹಾಸಿಗೆಗಳ ಪಕ್ಕ ಕೇಳಿದವಳು ನಾನು. ಕೊರಿಯಾದ ಹೆಂಗಸು ತುಳುವಿನಲ್ಲಿ ಯಾಕೆ ಕರೆಯುತ್ತಾಳೆ ಎಂಬ ಪ್ರಶ್ನೆ ಮಾತ್ರ ತಲೆಗೆ ಹೊಳೆಯಲಿಲ್ಲ. ಮೈ ದಣಿದಾಗ ತಲೆಯೂ ಅಷ್ಟೇ ಓಡುವುದು.

ಅದೇ ವರ್ಷ ನನ್ನ ತಾಯಿ ತೀರಿಹೋಗಿದ್ದರು. ಸುದ್ದಿ ಬಂದಾಗ ನನ್ನ ವೀಸಾ ನವೀಕರಣಕ್ಕೆ ಹೋಗಿತ್ತು, ಪಾಸ್‌ಪೋರ್ಟ್ ಕೈಯಲ್ಲಿರಲಿಲ್ಲ. ತಂಗಿ ಫೋನನ್ನು ಎತ್ತರಕ್ಕೆ ಹಿಡಿದು ಎಲ್ಲವನ್ನೂ ತೋರಿಸಿದಳು. ಅಂಗಳದ ಜನ, ಹೂವು, ಹೊಗೆ. ಮಧ್ಯೆ ನೆಟ್‌ವರ್ಕ್ ಹೋಗಿ ಚಿತ್ರ ನಿಂತುಬಿಟ್ಟಿತು. ಮರುದಿನ ನಾನು ಡ್ಯೂಟಿಗೆ ಹೋದೆ. ರೂಮಿನವರು, “ಏನೂ ಮಾಡಲಿಕ್ಕೆ ಆಗುದಿಲ್ಲ ಅಕ್ಕ” ಎಂದರು. ಅವರಾದರೂ ಬೇರೆ ಏನು ಹೇಳಿಯಾರು.

ಆದ್ದರಿಂದ ಅಜ್ಜಿ ಅಪ್ಪೆ ಎಂದಾಗಲೆಲ್ಲ ನಾನು ಬಟ್ಟಲು ಕೆಳಗಿಟ್ಟು, ನನ್ನ ಎದೆಯ ಮೇಲೆ ಕೈಯಿಟ್ಟು, “ಎಂಕ್‌ಲಾ ಅಪ್ಪೆ ಇಜ್ಜೆರ್ ಅಜ್ಜಿ” ಎನ್ನುತ್ತಿದ್ದೆ. ನನಗೂ ತಾಯಿ ಇಲ್ಲ. ಎದೆ ತಟ್ಟಿಕೊಂಡು ಮತ್ತೆ, “ಅಪ್ಪೆ, ಅಪ್ಪೆ.” ಅಜ್ಜಿ ಕಣ್ಣುಬಿಟ್ಟು ನನ್ನನ್ನೇ ನೋಡುತ್ತಿದ್ದರು. ಎಡಗೈಯಿಂದ ನನ್ನ ಕೈ ಸವರುತ್ತಿದ್ದರು. ಆಮೇಲಾಮೇಲೆ ವಿಚಿತ್ರವಾಗಿ ಆಡತೊಡಗಿದರು. ನಾನು ಅವರನ್ನು ಎತ್ತಲು ಹೋದರೆ ಬೇಡವೆಂದು ತಾವೇ ಹೆಣಗಿ ಏಳುತ್ತಿದ್ದರು. ತಮ್ಮ ಮೇಲಿನ ಹೊದಿಕೆ ಎಳೆದು ನನ್ನ ಕಾಲಿನ ಮೇಲೆ ಹಾಕುತ್ತಿದ್ದರು. ನಮ್ಮಿಬ್ಬರಿಗೂ ಭಾಷೆ ಬೇಡ, ತಾಯಿ ಇಲ್ಲದವರ ಸಂಕಟ ಪರಸ್ಪರ ತಿಳಿಯಿತು ಎಂದು ನಾನು ಸಮಾಧಾನಪಟ್ಟೆ. ಆದರೆ ಅಪ್ಪೆ ಎನ್ನುವುದು ದಿನದಿಂದ ದಿನಕ್ಕೆ ಕಡಿಮೆಯಾಯಿತು, ಊಟವೂ ಅದರ ಜೊತೆಗೇ ಕಡಿಮೆಯಾಯಿತು.

ಟ್ಯೂಬ್ ಹಾಕುವ ಸೋಮವಾರಕ್ಕೆ ಮುಂಚಿನ ಶುಕ್ರವಾರ ಮಗ ಬೇಗ ಬಂದರು. ನಮ್ಮಿಬ್ಬರ ಮಾತು ಒಡಕು ಇಂಗ್ಲಿಷಿನಲ್ಲಿ, ಇಲ್ಲಿ ನನ್ನ ಕನ್ನಡದಲ್ಲೇ ಬರೆಯುತ್ತೇನೆ. “ಸಿಸ್ಟರ್, ಇವತ್ತು ಗಲ್ಬಿ ಮಾಡ್ತೇನೆ. ನೀವೂ ಊಟಕ್ಕೆ ಇರಿ. ನೀವಿದ್ದರೆ ಅಮ್ಮ ತಿನ್ನಬಹುದು” ಎಂದರು. ಮಂಡಿ ಸಿಡಿಯುತ್ತಿತ್ತು, ಬಸ್ಸು ಹಿಡಿದು ಹೋಗಿ ಮಲಗಿದರೆ ಸಾಕಾಗಿತ್ತು. ಆದರೂ ಇಲ್ಲವೆನ್ನಲು ಆಗಲಿಲ್ಲ.

ಮೇಜಿನ ಮೇಲೆ ಸಣ್ಣ ಗ್ಯಾಸ್ ಒಲೆ, ಅದರ ಮೇಲೆ ಕಬ್ಬಿಣದ ತಟ್ಟೆ. ನನಗೆ ಬೇರೆ ಬಾಣಲೆಯಲ್ಲಿ ಕೋಳಿ. ಮಾಂಸ ಚುಂಯ್ ಎಂದಿತು, ಮನೆಯೆಲ್ಲ ಎಳ್ಳೆಣ್ಣೆಯ ಪರಿಮಳ. ಮಗ ಕತ್ತರಿಯಿಂದ ಒಳ್ಳೆಯ ತುಂಡನ್ನು ಆರಿಸಿ ಸಣ್ಣಗೆ ಕತ್ತರಿಸಿ ತಾಯಿಯ ಬಟ್ಟಲಿಗೆ ಹಾಕಿದರು. ಅಜ್ಜಿ ನೋಡಿದರು. ಚಮಚ ಮುಟ್ಟಿದರು, ಬಿಟ್ಟರು. ಒಲೆ ಆರಿಸಿ ಮಗ ಕಾದು ಕೂತರು. ನನ್ನ ಸಹನೆ ಅಲ್ಲಿಗೆ ಖಲಾಸ್.

“ಎಂತ ಸರ್ ಇದು? ಅವರು ಎತ್ತಲಿಲ್ಲ ಅಂತ ನೀವೂ ಉಪವಾಸ ಕೂತರೆ ಅವರಿಗೆ ಹೊಟ್ಟೆ ತುಂಬ್ತದಾ? ಮೊದಲು ನೀವು ತಿನ್ನಿ!”

“ಅಮ್ಮನ ಮುಂದೆ ನನ್ನ ಕೈ ಏಳುದಿಲ್ಲ ಸಿಸ್ಟರ್” ಎಂದರು, ತಲೆ ತಗ್ಗಿಸಿ. “ಅವಳಿಗೆ ನನ್ನ ಮೇಲೆ ಕೋಪ ಇರಬಹುದು. ಊರು ಬಿಡಿಸಿ ಇಲ್ಲಿಗೆ ತಂದೆ.”

ಆ ಮಾತಿಗೆ ನನ್ನ ಸಿಟ್ಟು ಇಳಿಯಿತು. ಸಮಾಧಾನ ಹೇಳೋಣವೆಂದು, “ಕೋಪ ಅಲ್ಲ ಸರ್. ಅವರಿಗೆ ತಾಯಿಯ ನೆನಪು. ಊಟಕ್ಕೆ ಕೂತರೆ ಸಾಕು, ತಾಯಿಯನ್ನು ಕರೀತಾರೆ” ಎಂದೆ.

“ತಾಯಿಯನ್ನಾ? ನನಗೆ ಕೇಳಿಸಲೇ ಇಲ್ಲ. ಏನಂತ ಕರೀತಾಳೆ?”

“ಅಪ್ಪೆ ಅಂತ.”

“ನಮ್ಮ ಭಾಷೆಯಲ್ಲಿ ತಾಯಿಗೆ ಓಮ್ಮಾ ಅಂತೇವೆ.”

“ಅಲ್ಲ ಸರ್, ಅಪ್ಪೆ ಅಂದರೆ ತಾಯಿ, ನಮ್ಮ…” ಎಂದವಳು ಅಲ್ಲೇ ನಿಂತೆ. ನಮ್ಮ ತುಳುವಿನಲ್ಲಿ! ಅಯ್ಯೋ ನನ್ನ ಕರ್ಮವೇ.

“ಅವಳು ಹೇಳಿದ ಹಾಗೇ ಹೇಳಿ” ಎಂದರು ಅವರು. ಕಣ್ಣು ಮುಚ್ಚಿ, ಸಣ್ಣ ದನಿಯಲ್ಲಿ ಹೇಳಿ ತೋರಿಸಿದೆ. ಅವರ ಕೈಯಲ್ಲಿದ್ದ ಇಕ್ಕಳ ಬಟ್ಟಲಿಗೆ ತಗಲಿ ಸಾರು ಚೆಲ್ಲಿತು.

“ಅಪೊ” ಎಂದರು. ಅವರ ಬಾಯಲ್ಲಿ ಅದರ ಕೊನೆ ಎ ಕೂಡ ಅಲ್ಲ ಒ ಕೂಡ ಅಲ್ಲ, ನಡುವಿನದ್ದು. “ಸಿಸ್ಟರ್, ಅದು ತಾಯಿ ಅಲ್ಲ. ನೋವು. ನೋಯ್ತಾ ಇದೆ ಅಂತ.”

ಕುರ್ಚಿಯಿಂದ ಇಳಿದು ತಾಯಿಯ ಕಾಲ ಬಳಿ ಕೂತು ಅವರು ಏನೇನೋ ಕೇಳಿದರು. ಅಜ್ಜಿ ಮೊದಲು ನಕ್ಕು ಹೊಟ್ಟೆ ಸವರಿಕೊಂಡರು. ಮಗ ಬಿಡಲಿಲ್ಲ. ಕೊನೆಗೆ, ಕಳ್ಳತನದಲ್ಲಿ ಸಿಕ್ಕಿಬಿದ್ದ ಮಗುವಿನ ಹಾಗೆ, ಅಜ್ಜಿ ಬಾಯಿ ತೆರೆದರು. ಕೆಳಗಿನ ಸಾಲು ಕಟ್ಟಿಸಿದ ಹಲ್ಲು. ಬೋಳುಬಾಯಿ ಯಾರೂ ನೋಡಬಾರದೆಂದು ಅದನ್ನು ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಒಂದೇ ಕೈಯಲ್ಲಿ ತಾವೇ ತೊಳೆಯುತ್ತಿದ್ದವರು, ನಾನು ಕೇಳಿದರೆ ತುಟಿ ಬಿಗಿಯುತ್ತಿದ್ದವರು. ಮಗ ಮೆಲ್ಲಗೆ ತೆಗೆದರು. ನಾನು ಮೊಬೈಲಿನ ಬೆಳಕು ಹಿಡಿದೆ. ಒಸಡಿನ ಅಂಚಿನುದ್ದಕ್ಕೂ ಹುಣ್ಣು, ಬಿಳಿಗಟ್ಟಿದ್ದು. ಮೈ ಇಳಿದಂತೆ ಕಟ್ಟಿಸಿದ ಹಲ್ಲು ಸಡಿಲಾಗಿ ಒಸಡಿಗೆ ಉಜ್ಜಿದೆ, ಉಜ್ಜಿದಂತೆ ಅಜ್ಜಿ ಊಟ ಬಿಟ್ಟಿದ್ದಾರೆ. ಅದರ ಮೇಲೆ ನಾವಿಬ್ಬರೂ ಸೇರಿ ಖಾರ, ಉಪ್ಪು, ಬೆಳ್ಳುಳ್ಳಿ ಹಚ್ಚಿದ ಮಾಂಸ ತಿನ್ನಿಸಲು ಹೊರಟಿದ್ದೆವು.

“ನನ್ನ ಮುಂದೆ ಅವಳು ಯಾವತ್ತೂ ನೋವು ಅಂದವಳಲ್ಲ” ಎಂದು ಮಗ ನೆಲದ ಮೇಲೆ ಕೂತೇ ಅತ್ತರು. ನನಗೆ ಅಳಲು ನಾಚಿಕೆಯಾಯಿತು. ನಾನು ಬಾಯಿ ಮುಕ್ಕಳಿಸಲು ಬೆಚ್ಚಗಿನ ಉಪ್ಪುನೀರು ತಂದೆ.

ಶನಿವಾರವೇ ದಂತವೈದ್ಯರಲ್ಲಿಗೆ ಕರೆದುಕೊಂಡು ಹೋದೆವು. ಹಲ್ಲಿನ ಸೆಟ್ಟು ತೆಗೆದಿಟ್ಟು, ಮುಲಾಮು ಕೊಟ್ಟು, ಗುಣವಾದ ಮೇಲೆ ಹೊಸ ಅಳತೆ ತೆಗೆದುಕೊಳ್ಳೋಣ ಎಂದರು. ಟ್ಯೂಬಿನ ಡಾಕ್ಟರಿಗೆ ಫೋನ್ ಮಾಡಿದಾಗ ಅವರೂ ಸೋಮವಾರದ್ದನ್ನು ಮುಂದೂಡಿದರು, ತೂಕ ಏರುತ್ತದೋ ನೋಡೋಣ ಎಂದರು. ಆಮೇಲಿನ ದಿನಗಳಲ್ಲಿ ನಾನು ಕೋಳಿಯ ಸಾರಿಗೆ ಅನ್ನ ಹಾಕಿ, ಗಂಜಿಯಂತೆ ಕಿವುಚಿ, ಉಗುರುಬೆಚ್ಚಗೆ ಕೊಟ್ಟೆ. ಮೊದಲು ಮೂರು ಚಮಚ. ಆಮೇಲೆ ಅರ್ಧ ಬಟ್ಟಲು. ಅಪ್ಪೆ ಎಂಬ ಮಾತು ನಿಂತುಹೋಯಿತು. ತೂಕ ಏರಿತು, ಟ್ಯೂಬ್ ಬೇಡವೆಂದಾಯಿತು.

ಹೊಸ ಸೆಟ್ಟು ಬಂದ ವಾರ ಮತ್ತೆ ಗಲ್ಬಿ. ಈ ಸಲ ಮಗ ಅದನ್ನು ಸುಡದೆ, ಮೂಲಂಗಿ, ಕ್ಯಾರೆಟ್ ಹಾಕಿ ಎಲುಬಿನಿಂದ ಮಾಂಸ ತಾನೇ ಕಳಚಿ ಬೀಳುವಷ್ಟು ಹೊತ್ತು ಬೇಯಿಸಿದ್ದರು. ಹಬ್ಬಕ್ಕೆ ಮಾಡುವ ಬಗೆಯಂತೆ. ಆದರೂ ಅಭ್ಯಾಸಬಲ, ಕತ್ತರಿ ತೆಗೆದು ಇನ್ನಷ್ಟು ಸಣ್ಣ ಮಾಡಿದರು. ನನ್ನ ಮುಂದೆ ಕೋಳಿ. ಮೂವರೂ ಕೂತೆವು. ಅಜ್ಜಿಯ ಕೆನ್ನೆಯಲ್ಲಿ ಸ್ವಲ್ಪ ರಂಗು ಬಂದಿತ್ತು. ಇವತ್ತು ತಿನ್ನುತ್ತಾರೆ ಎಂದು ನನಗೆ ಖಾತ್ರಿಯಿತ್ತು.

ಅವರು ಬಟ್ಟಲು ನೋಡಲಿಲ್ಲ. ನನ್ನ ಕಡೆ ತಿರುಗಿ, ಎಡಗೈ ಚಾಚಿ, ನನ್ನ ಎದೆಯ ಮೇಲೆ ಅಂಗೈಯಿಟ್ಟರು. “ಅಪೊ?” ಎಂದರು.

ನಾನು ಗಾಬರಿಯಾದೆ. “ಪುನಃ ನೋಯ್ತದಾ ಸರ್ ಅವರಿಗೆ?”

ಮಗ ತಾಯಿಯನ್ನು ಏನೋ ಕೇಳಿದರು. ಅವರು ನಾನು ಮಾಡುತ್ತಿದ್ದಂತೆಯೇ ತಮ್ಮ ಎದೆ ತಟ್ಟಿಕೊಂಡು “ಅಪೊ, ಅಪೊ” ಎಂದು, ನನ್ನ ಎದೆಯನ್ನು ಎರಡು ಸಲ ತಟ್ಟಿ ತೋರಿಸಿದರು; ಮಗ ಮತ್ತೇನೋ ಕೇಳಿದ್ದಕ್ಕೆ ‘ನೇ’ ಎಂದರು. ಮಗನ ಮುಖ ಬದಲಾಯಿತು.

“ಅವಳದ್ದಲ್ಲ, ನಿಮ್ಮದು ಕೇಳ್ತಿದ್ದಾಳೆ ಸಿಸ್ಟರ್. ಇಲ್ಲಿ ನೋಯ್ತದೆ ಅಂತ ನೀವು ದಿನಾ ಹೇಳ್ತಿದ್ರಂತೆ. ಅವಳದ್ದು ಗುಣ ಆಯಿತು. ನಿಮ್ಮದು ಆಯಿತಾ ಅಂತ.”

ನಾನು ನಗಲು ಹೋದೆ. ಹೊದಿಕೆ ಎಳೆದು ನನ್ನ ಕಾಲಿಗೆ ಹಾಕುತ್ತಿದ್ದುದು, ನಾನು ಎತ್ತಬಾರದೆಂದು ತಾವೇ ಹೆಣಗಿ ಏಳುತ್ತಿದ್ದುದು ಎಲ್ಲ ಒಟ್ಟಿಗೆ ತಲೆಗೆ ಬಂತು. ನೋವು ನೋವು ಎಂದು ತಾನು ಹೇಳಿದರೆ, ನನಗೂ ನೋವು ಎಂದು ಎದೆ ತಟ್ಟಿಕೊಳ್ಳುವ ಈ ಹೆಂಗಸಿಗೆ ಇನ್ನೂ ಯಾಕೆ ಹೊರೆಯಾಗಲಿ ಎಂದು ಆ ಜೀವ ಬಾಯಿ ಮುಚ್ಚಿಕೊಂಡಿತ್ತು. ಇಡೀ ದಿನ ಎಲ್ಲರನ್ನೂ ಎಲ್ಲಿ ನೋಯ್ತದೆ ಎಂದು ಕೇಳುವವಳು ನಾನು. ಈ ದೇಶಕ್ಕೆ ಬಂದ ಮೇಲೆ ನನ್ನನ್ನು ಯಾರೂ ಕೇಳಿರಲಿಲ್ಲ. ಅಷ್ಟು ದಿನ ಬಾರದ ಅಳು ಆ ಮೇಜಿನ ಮುಂದೆ ಬಂತು. ಅಜ್ಜಿ ಕೈ ತೆಗೆಯಲಿಲ್ಲ.

“ಏನಂತ ಹೇಳಲಿ?” ಎಂದು ಮಗ ಮೆಲ್ಲಗೆ ಕೇಳಿದರು.

“ಇನ್ನೂ ಉಂಟು ಅಂತ ಹೇಳಿ ಸರ್” ಎಂದೆ.